ಔಷಧವಿಲ್ಲದ ನೂರು ದಿನ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ವಿಷಯ ಮಾತಾಡುವ ಅರ್ಹತೆ ಇರುವವರು ನಮ್ಮ ಸಾಲಿಂಗ್ ಸೀಮೆಯಲ್ಲೇ ನೂರು ಜನ ಸಿಗುತ್ತಾರೆ. ನಾನು ಅವರಲ್ಲೊಬ್ಬಳಲ್ಲ. ಅರವತ್ತೆಂಟು ಹಸು ಕರೆಯುವವಳು ನಾನು. ಹಸುವಿನ ಕಾಯಿಲೆಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಸ್ಕೀವೆ ಊರಿನ ಸಂಜೆ ಶಾಲೆಯಲ್ಲಿ ಎರಡು ಚಳಿಗಾಲ ಕೂತು ಕಲಿತದ್ದು. ಮೂರನೆಯ ಚಳಿಗಾಲ ಅದೇ ಕೋಣೆಯಲ್ಲಿ ಹೊಲಿಗೆ ಕಲಿತೆ. ಟೀಚರ್ ನನ್ನನ್ನು ಹೊಗಳಿದ್ದು ಹೊಲಿಗೆಯಲ್ಲಿ ಮಾತ್ರ. ಆದರೂ ಹೇಳುತ್ತೇನೆ. ತಪ್ಪು ಮಾಡಿದವಳು ನಾನೇ ಆದ್ದರಿಂದ, ಬೇರೆಯವರು ಹೇಳಿದರೆ ಮರ್ಯಾದೆಗಾದರೂ ಸ್ವಲ್ಪ ಮುಚ್ಚಿಟ್ಟು ಹೇಳಿಯಾರು.

ನಮ್ಮದು ಸಾವಯವ ಹೈನುಗಾರಿಕೆ. ಹಸುವಿಗೆ ಆ್ಯಂಟಿಬಯೋಟಿಕ್ ಬೇಕಾದರೆ ನಾವೇ ಕೊಡುವಂತಿಲ್ಲ, ಪ್ರತಿ ಸಲವೂ ಪಶುವೈದ್ಯ ಅಸ್ಗೇರ್ ಬರಬೇಕು. ಆ ಔಷಧವನ್ನು ಇನ್ನೂ ಕಡಿಮೆ ಮಾಡೋಣ, ಒಂದು ವರ್ಷದಲ್ಲಿ ಅರ್ಧಕ್ಕೆ ಇಳಿಸೋಣ ಎಂದು ಐದು ಮನೆಯವರು ಸೇರಿ ಒಂದು ಕೊಟ್ಟಿಗೆ ಶಾಲೆ ಮಾಡಿಕೊಂಡೆವು. ಹೆಸರಿಗೆ ಶಾಲೆ, ಮೇಷ್ಟರು ಇಲ್ಲ. ತಿಂಗಳಿಗೊಂದು ಮನೆಯಂತೆ ಎಲ್ಲರೂ ಒಬ್ಬರ ಕೊಟ್ಟಿಗೆಗೆ ಹೋಗುವುದು. ಆ ಮನೆಯವರು ಮೂರು ಸಂಗತಿ ತೋರಿಸಬೇಕು: ತಮ್ಮಲ್ಲಿ ಚೆನ್ನಾಗಿ ನಡೆದದ್ದು ಒಂದು, ನಡೆಯದೇ ಇದ್ದದ್ದು ಎರಡು. ಉಳಿದವರು ನೋಡಿ, ಮುಟ್ಟಿ, ಮೂಸಿ, ಅನ್ನಿಸಿದ್ದನ್ನು ಹೇಳುತ್ತಾರೆ. ಅವರು ಹೇಳುವಾಗ ಮನೆಯವರು ಬಾಯಿ ತೆರೆಯಬಾರದು. ಸಲಹಾ ಕೇಂದ್ರದಿಂದ ಸಿಗ್ನೆ ಎಂಬ ಹುಡುಗಿ ಬರುತ್ತಾಳೆ. ಅವಳು ಗಡಿಯಾರ ನೋಡಿ ಬರೆದುಕೊಳ್ಳುತ್ತಾಳೆ, ಅಷ್ಟೇ. ಅವಳೂ ಉಪದೇಶ ಮಾಡುವಂತಿಲ್ಲ.

ಉಪದೇಶದ ಆ ಖಾಲಿ ಜಾಗವನ್ನು ತುಂಬಿದವಳು ನಾನು.

ಜನವರಿಯಲ್ಲಿ ಶಾಲೆ ವಿಲ್ಲಿಯ ಮನೆಯಲ್ಲಿತ್ತು. ವಿಲ್ಲಿ ದೊಡ್ಡ ಆಳು, ದೊಡ್ಡ ಗಂಟಲು, ನಮ್ಮ ಐವರಲ್ಲಿ ಅತಿ ಹೆಚ್ಚು ಔಷಧ ಬಳಸುವವನು. ಮೂರು ತಿಂಗಳಲ್ಲಿ ಹನ್ನೊಂದು ಹಸುಗಳಿಗೆ ಕೊಡಿಸಿದ್ದ. ನಾನು ಎಲ್ಲರ ಮುಂದೆ ಅಂದೆ: "ವಿಲ್ಲಿ, ಅಸ್ಗೇರ್ ಪಾಪ ದಿನಾ ಓಡಾಡ್ತಾನೆ. ನಿನ್ನ ಮನೇಲೇ ಅವನಿಗೊಂದು ಹಾಸಿಗೆ ಹಾಕ್ಕೊಡು ಮಾರಾಯ."

ಎಲ್ಲರೂ ನಕ್ಕರು. ನಿಯಮದ ಪ್ರಕಾರ ವಿಲ್ಲಿ ಬಾಯಿ ತೆರೆಯುವಂತಿರಲಿಲ್ಲ. ಕಿವಿ ಕೆಂಪಗೆ ಮಾಡಿಕೊಂಡು ನಿಂತಿದ್ದ. ಅಷ್ಟಕ್ಕೆ ನಿಲ್ಲಿಸದೆ, ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಎಂಬ ಒಂದು ನಿಯಮವನ್ನೂ ಸಿಗ್ನೆಗೆ ಹೇಳಿ ಬರೆಸಿದೆ: ಕೆಚ್ಚಲು ಬಾವು ಬಂದ ಹಸು ಮೇವು ತಿನ್ನುತ್ತಿದ್ದು, ಜ್ವರ ಇಲ್ಲದಿದ್ದರೆ, ಪದೇ ಪದೇ ಹಾಲು ಹಿಂಡಿ ಕಾಯಿರಿ. ಜ್ವರ ಮೂವತ್ತೊಂಬತ್ತೂವರೆ ದಾಟಿದರೆ ಅಥವಾ ಮೇವು ಬಿಟ್ಟರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಎಲ್ಲರಿಗೂ ಒಪ್ಪಿಗೆಯಾಯಿತು. ನಾನು ಮನೆಗೆ ಬಂದು ಅದನ್ನು ದುಂಡಗೆ ಬರೆದು, ಹಾಲಿನ ಟ್ಯಾಂಕ್ ಇರುವ ಕೋಣೆಯ ಗೋಡೆಗೆ ಅಂಟಿಸಿದೆ. ಅದರ ಪಕ್ಕದಲ್ಲಿ ಒಂದು ಕರಿಹಲಗೆ. ಹಲಗೆಯ ಮೇಲೆ 'ಔಷಧವಿಲ್ಲದ ದಿನಗಳು', ಕೆಳಗೆ ಆ ದಿನದ ಸಂಖ್ಯೆ, ಡಿಸೆಂಬರಿನಲ್ಲಿ ಕೊನೆಯ ಸಲ ಔಷಧ ಕೊಡಿಸಿದ ದಿನದಿಂದ ಎಣಿಸಿ. ಪ್ರತಿ ಬೆಳಿಗ್ಗೆ ಹಾಲು ಕರೆದು ಕೈ ತೊಳೆದ ಕೂಡಲೇ ಹಳೆಯ ಸಂಖ್ಯೆ ಅಳಿಸಿ ಹೊಸದು ಬರೆಯುತ್ತಿದ್ದೆ. ನನ್ನ ಗಂಡ ಐನರ್ ಅದನ್ನು 'ಬೋಡಿಲ್‌ಳ ಪ್ರಾರ್ಥನೆ' ಎಂದು ಕರೆಯುತ್ತಿದ್ದ.

ಶಾಲೆ ನಮ್ಮ ಮನೆಗೆ ಬರುವ ದಿನ ಮಾರ್ಚ್ ತಿಂಗಳ ಒಂದು ಶುಕ್ರವಾರ. ಲೆಕ್ಕ ಹಾಕಿ ನೋಡಿದೆ: ಆ ದಿನ ಹಲಗೆಯ ಮೇಲೆ ಸರಿಯಾಗಿ ನೂರು ಬರುತ್ತದೆ. ಚೆನ್ನಾಗಿ ನಡೆದದ್ದು ಯಾವುದು ಎಂದು ಯೋಚಿಸಲು ಇನ್ನೇನು ಉಳಿಯಿತು? ನಡೆಯದ ಎರಡು ಸಂಗತಿ ಹುಡುಕಲು ಮಾತ್ರ ಒಂದು ವಾರ ಹಿಡಿಯಿತು. ನನ್ನಲ್ಲಿ ತಪ್ಪುಗಳಿಗೆ ಕೊರತೆ ಇದ್ದದ್ದಕ್ಕಲ್ಲ, ತೋರಿಸಿದರೂ ಅವಮಾನವಾಗದಂಥ ತಪ್ಪು ಸಿಗುವುದು ಕಷ್ಟವಾಯಿತು. ಕೊನೆಗೆ ಕರುಗಳ ಮನೆಯ ಕಿಟಕಿಯಿಂದ ಗಾಳಿ ನುಗ್ಗುತ್ತದೆ, ಮೂಲೆಯ ನೀರಿನ ತೊಟ್ಟಿ ಸ್ವಲ್ಪ ಎತ್ತರವಾಯಿತು ಎಂದು ಬರೆದುಕೊಂಡೆ.

ಮಂಗಳವಾರ, ತೊಂಬತ್ತೇಳನೆಯ ದಿನ, ಡಾಗ್ಮಾರಳ ಹಾಲಿನಲ್ಲಿ ಗಸಿ ಕಂಡಿತು.

ಡಾಗ್ಮಾರ್ ನಮ್ಮ ಕೊಟ್ಟಿಗೆಯ ಹಿರಿಯಳು. ಒಂಬತ್ತು ವರ್ಷ, ಆರು ಕರು. ಹಾಲು ಕರೆಯುವ ಮನೆಗೆ ಯಾವಾಗಲೂ ಮೊದಲು ಬರುವವಳು ಅವಳೇ. ಗೇಟು ತೆರೆಯುವುದು ತಡವಾದರೆ ಮೂತಿಯಿಂದ ಅಗುಳಿ ಎತ್ತುತ್ತಾಳೆ. ಐನರ್‌ನ ಟೋಪಿ ನೆಕ್ಕುತ್ತಾಳೆ, ಅವನು ಬೈದಂತೆ ಮಾಡಿ ಇನ್ನಷ್ಟು ಬಗ್ಗಿ ನಿಲ್ಲುತ್ತಾನೆ. ಅವತ್ತು ಅವಳ ಹಿಂದಿನ ಎಡ ಮೊಲೆಯ ಭಾಗ ಬೆಚ್ಚಗಿತ್ತು. ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಹಿಡಿದು ಪರೀಕ್ಷೆಯ ದ್ರವ ಹಾಕಿದೆ. ಮೂರು ಬಟ್ಟಲು ನೀರಾಗಿಯೇ ಉಳಿದವು, ನಾಲ್ಕನೆಯದು ಮೊಟ್ಟೆಯ ಲೋಳೆಯ ಹಾಗೆ ಗಟ್ಟಿಯಾಯಿತು: ಕೆಚ್ಚಲು ಬಾವು.

"ಅಸ್ಗೇರ್‌ಗೆ ಫೋನ್ ಮಾಡ್ಲಾ?" ಎಂದ ಐನರ್.

"ಬೇಡ. ಜ್ವರ ಇಲ್ಲ, ಮೇವು ತಿಂತಿದಾಳೆ. ನಿಯಮ ಓದ್ಕೋ, ಗೋಡೆ ಮೇಲೇ ಇದೆ."

"ನಿಯಮ ಬರೆದೋಳನ್ನೇ ಕೇಳ್ತಿದೀನಲ್ಲ," ಎಂದ.

ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯೇ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇಡೀ ಕಥೆಯಲ್ಲಿ ನಾನು ಸರಿಯಿದ್ದ ಜಾಗ ಇದೊಂದೇ. ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಎರಡು ಗಂಟೆಗೊಮ್ಮೆ ಆ ಮೊಲೆಯನ್ನು ಕೈಯಿಂದ ಹಿಂಡಿದೆ. ಪುದೀನ ಎಣ್ಣೆ ಬೆರೆಸಿದ ಮುಲಾಮು ಹಚ್ಚಿ ತೀಡಿದೆ. ನಮ್ಮ ಕಡೆ ಕೆಚ್ಚಲು ಬಾವಿಗೆ ಎಲ್ಲರೂ ಮೊದಲು ಹಚ್ಚುವುದು ಅದನ್ನೇ. ಬುಧವಾರ ಹಾಗೇ ಇದ್ದಳು. ನಾನು ತೊಂಬತ್ತೆಂಟು ಬರೆದೆ.

ಗುರುವಾರ ಬೆಳಿಗ್ಗೆ ಮೇವಿನಲ್ಲಿ ಅರ್ಧ ಹಾಗೇ ಬಿಟ್ಟಿದ್ದಳು. ಜ್ವರ ನೋಡಿದೆ: ಮೂವತ್ತೊಂಬತ್ತು ಪಾಯಿಂಟ್ ಎಂಟು. ಥರ್ಮಾಮೀಟರ್ ಕೆಟ್ಟಿರಬೇಕು ಅನ್ನಿಸಿತು. ಮನೆಯೊಳಗೆ ಹೋಗಿ, ನಾವು ಮನುಷ್ಯರು ಬಳಸುವ ಥರ್ಮಾಮೀಟರ್ ತಂದೆ. (ಆಮೇಲೆ ಅದನ್ನು ಎಸೆದೆ, ಐನರ್‌ಗೆ ಕಾರಣ ಹೇಳಲಿಲ್ಲ.) ಅದೂ ಮೂವತ್ತೊಂಬತ್ತು ಪಾಯಿಂಟ್ ಏಳು ಎಂದಿತು. ಹವೆ ಸ್ವಲ್ಪ ಸೆಖೆ ಇರಬಹುದು ಎಂದುಕೊಂಡು ಕಿಟಕಿ ತೆರೆದೆ. ಮಾರ್ಚ್ ತಿಂಗಳಲ್ಲಿ, ಫ್ಯೋರ್ಡಿನ, ಅಂದರೆ ನೆಲದೊಳಕ್ಕೆ ಚಾಚಿದ ಕಡಲಿನ, ನೀರಿನ ಮೇಲಿಂದ ಬರುವ ಗಾಳಿಯಲ್ಲಿ, ಸೆಖೆ! ಇಪ್ಪತ್ತು ನಿಮಿಷ ಆ ಗಾಳಿಯಲ್ಲಿ ಹಸುವನ್ನೂ ನನ್ನನ್ನೂ ನಡುಗಿಸಿ ಮತ್ತೆ ನೋಡಿದೆ. ಮೂವತ್ತೊಂಬತ್ತು ಪಾಯಿಂಟ್ ನಾಲ್ಕು. ಆ ಒಂದನ್ನು ಮಾತ್ರ ಹಸುಗಳ ಕಾಯಿಲೆಯ ದಾಖಲೆ ಪುಸ್ತಕದಲ್ಲಿ ಬರೆದೆ. ಸುಳ್ಳಲ್ಲವಲ್ಲ, ನಾಲ್ಕು ಅಂತಲೇ ತೋರಿಸಿತ್ತು. ಮೂರು ಸಲ ಅಳೆದು ತನಗೆ ಬೇಕಾದ್ದನ್ನು ಆರಿಸಿಕೊಳ್ಳುವುದಕ್ಕೆ ಏನೆನ್ನಬೇಕೆಂದು ಸಂಜೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ತೊಂಬತ್ತೊಂಬತ್ತು ಬರೆಯುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು.

ಶುಕ್ರವಾರ ಬೆಳಿಗ್ಗೆ ನಲವತ್ತು ಪಾಯಿಂಟ್ ಮೂರು. ಡಾಗ್ಮಾರ್ ಮೇವು ಮೂಸಿಯೂ ನೋಡಲಿಲ್ಲ. ಗೇಟಿನ ಹತ್ತಿರ ಮೊದಲು ಬಂದದ್ದು ಬೇರೆ ಹಸು. ಇವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳಿಗೆ ಶಾಂತಿ ಬೇಕು ಎಂದು ನನಗೆ ನಾನೇ ಹೇಳಿಕೊಂಡು, ಹುಲ್ಲಿನ ಕಟ್ಟುಗಳ ಹಿಂದಿನ ಹಳೆಯ ಬಾಣಂತಿ ಕೋಣೆಗೆ ಹೊಡೆದುಕೊಂಡು ಹೋದೆ. ಅಲ್ಲಿಗೆ ಹೊರಗಿನವರ ಕಣ್ಣೂ ಬೀಳುವುದಿಲ್ಲ ಎಂಬುದು ಆಮೇಲೆ ಹೊಳೆದದ್ದು ಎಂದರೆ ನೀವು ನಂಬಬೇಡಿ.

"ಅಸ್ಗೇರ್‌ಗೆ ಹೇಳ್ದೆ ತಾನೇ?" ಐನರ್ ಕೇಳಿದ.

"ಮಧ್ಯಾಹ್ನ ಒಂದು ಗಂಟೆಗೆ ಹೇಳ್ತೀನಿ."

"ಒಂದು ಗಂಟೇಲಿ ಏನಿದೆ?"

"ಅಷ್ಟೊತ್ತಿಗೆ ಎಲ್ರೂ ಹೋಗಿರ್ತಾರೆ. ಐದು ಗಂಟೆ ತಡ ಆದ್ರೆ ಏನೀಗ?"

ಅವನು ನನ್ನನ್ನು ನೋಡಿದ, ಹಲಗೆ ನೋಡಿದ. "ನೂರು," ಎಂದ. ಟೋಪಿ ಹಾಕಿಕೊಂಡು ಮೇವು ಹಾಕಲು ಹೋದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ನನ್ನನ್ನು ಅಷ್ಟು ಉದ್ದಕ್ಕೆ ಬೈದದ್ದೇ ಇಲ್ಲ.

ನಾನು ಮತ್ತೊಮ್ಮೆ ಮೊಲೆ ಹಿಂಡಿ, ಮುಲಾಮು ತೀಡಿ, ಕೈ ತೊಳೆದು ಕೇಕಿಗೆ ಹಿಟ್ಟು ಕಲಸಲು ಕೂತೆ. ಕಂದು ಸಕ್ಕರೆಯೂ ಬೆಣ್ಣೆಯೂ ಮೇಲೆ ಕರಗಿ ಇಳಿಯುವ ನಮ್ಮ ಕಡೆಯ ಕೇಕು. ಕೈಯಿಂದಲೇ ನಾದಬೇಕು, ಬೆರಳಿನಿಂದ ಗುಳಿ ಒತ್ತಬೇಕು.

ಹತ್ತು ಗಂಟೆಗೆ ಎಲ್ಲರೂ ಬಂದರು. ಹೊರಗಿನ ರೋಗ ಒಳಗೆ ಬರಬಾರದೆಂದು ನಾವು ಅತಿಥಿಗಳಿಗೆ ನಮ್ಮದೇ ಬೂಟು ಕೊಡುತ್ತೇವೆ. ನಾನು ಹಿಂದಿನ ದಿನವೇ ಅಳತೆ ನೋಡಿ, ಒಬ್ಬೊಬ್ಬರ ಹೆಸರಿನ ಚೀಟಿ ಅಂಟಿಸಿ, ಸಾಲಾಗಿ ನಿಲ್ಲಿಸಿದ್ದೆ.

"ಅಬ್ಬಾ, ಅರಮನೇಗೆ ಬಂದ ಹಾಗಿದೆ," ಎಂದಳು ಗುದ್ರುನ್. ಅವಳು ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಎಪ್ಪತ್ತೆರಡು. ಗಂಡ ತೀರಿಕೊಂಡ ಮೇಲೂ ನಲವತ್ತು ಹಸು ಒಬ್ಬಳೇ ನೋಡಿಕೊಳ್ಳುತ್ತಾಳೆ. ಮಾತು ಕಡಿಮೆ.

ಟ್ಯಾಂಕ್ ಕೋಣೆಯ ಮೂಲಕವೇ ಕರೆದುಕೊಂಡು ಬಂದೆ. ಬೇರೆ ದಾರಿ ಇದೆ, ಆದರೆ ಆ ದಾರಿಯಲ್ಲಿ ಹಲಗೆ ಇಲ್ಲ. ಸಿಗ್ನೆ ನಿಂತು ಓದಿದಳು. "ನೂರು! ನಿಜವಾಗ್ಲೂ?"

"ಏನೋ, ಅದೃಷ್ಟ," ಎಂದೆ. ಅಂಥ ನಾಚಿಕೆಯ ದನಿಯನ್ನು ಎಲ್ಲಿಂದ ತಂದೆನೋ ಇವತ್ತಿಗೂ ಗೊತ್ತಿಲ್ಲ.

ಮೊದಲು ಕಾಫಿ. ಅಡುಗೆ ಮನೆಯ ಮೇಜಿನ ಸುತ್ತ ಎಲ್ಲರೂ ಕೂತರು. ಸಿಗ್ನೆ ಹೊಸ ಹಾಳೆ ತೆಗೆದಳು. ನಾನು ಬಿಸಿ ಕೇಕು ಕತ್ತರಿಸಿ ಬಡಿಸಿದೆ. ವಿಲ್ಲಿ ದೊಡ್ಡ ತುಂಡು ಬಾಯಿಗೆ ಹಾಕಿ, ಅಗಿಯುವುದನ್ನು ನಿಲ್ಲಿಸಿದ.

"ಬೋಡಿಲ್, ಇದಕ್ಕೆ ಪುದೀನ ಹಾಕಿದೀಯಾ?"

"ಪುದೀನ ಯಾಕ್ ಹಾಕ್ಲಿ?"

"ನೀನೇ ಹೇಳು. ಬಾಯೆಲ್ಲಾ ಪುದೀನ." ಅವನು ತುಂಡನ್ನು ಮೂಗಿನ ಹತ್ತಿರ ಹಿಡಿದ. ಆಮೇಲೆ, ಇನ್ನೊಂದು ತುಂಡು ಕೊಡಲು ಚಾಚಿದ್ದ ನನ್ನ ಕೈಯ ಕಡೆ ಮೂಗು ತಿರುಗಿಸಿದ.

ಬೇರೆ ಯಾವುದೇ ಊರಿನ, ಬೇರೆ ಯಾವುದೇ ಕಸುಬಿನ ನೆಂಟರು ಬಂದಿದ್ದರೆ, ಹೊಸ ರುಚಿ ಚೆನ್ನಾಗಿದೆ ಎಂದು ತಿಂದು ಹೋಗುತ್ತಿದ್ದರು. ಆ ಮೇಜಿನ ಸುತ್ತ ಇದ್ದವರೆಲ್ಲ ಹುಟ್ಟಿದಾಗಿನಿಂದ ಆ ಮುಲಾಮಿನ ವಾಸನೆಯಲ್ಲಿ ಬೆಳೆದವರು. ಎಷ್ಟು ಸಲ ತೊಳೆದರೂ ಅದು ಬೆರಳಿನ ಸಂದಿಯಿಂದ ಹೋಗುವುದಿಲ್ಲ ಎಂದು ಅವರಿಗೆ ಗೊತ್ತು. ಬಾವಿಲ್ಲದ ಕೊಟ್ಟಿಗೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ ಎಂಬುದೂ ಗೊತ್ತು. ಒಬ್ಬೊಬ್ಬರಾಗಿ ಫೋರ್ಕ್ ಕೆಳಗಿಟ್ಟರು.

"ಯಾವ ಹಸು?" ಗುದ್ರುನ್ ಕೇಳಿದಳು.

ನಾನು ಕರುಮನೆಯ ಕಿಟಕಿಯ ಗಾಳಿಯ ಬಗ್ಗೆ ಏನೋ ಹೇಳಲು ಹೋದೆ.

"ಯಾವ ಹಸು ಅಂತ ಕೇಳ್ದೆ ಕಣೆ."

"ಡಾಗ್ಮಾರ್," ಎಂದ ಐನರ್, ಬಾಗಿಲ ಹತ್ತಿರದಿಂದ. ಅವನು ಆಗಲೇ ಬೂಟು ಹಾಕಿಕೊಂಡಿದ್ದ.

ಹುಲ್ಲಿನ ಕಟ್ಟುಗಳ ಹಿಂದೆ ಡಾಗ್ಮಾರ್ ಮಲಗಿದ್ದಳು. ನಾವು ಬಂದರೂ ತಲೆ ಎತ್ತಲಿಲ್ಲ. ಕಿವಿ ಜೋತು ಬಿದ್ದಿದ್ದವು. ಗುದ್ರುನ್ ಮಂಡಿಯೂರಿ ಕಿವಿ ಮುಟ್ಟಿ ನೋಡಿದಳು. "ಕಿವಿ ತಣ್ಣಗಿದೆ," ಎಂದಳು. ಕೆಚ್ಚಲು ಮುಟ್ಟಿದಳು. ಕಲ್ಲಿನ ಹಾಗಿತ್ತು ಅದು. ಬೆಳಿಗ್ಗೆ ಅಷ್ಟು ಗಟ್ಟಿ ಇರಲಿಲ್ಲ. ಐದು ಗಂಟೆ ತಡವಾದರೆ ಏನೀಗ ಎಂದಿದ್ದೆನಲ್ಲ, ಅದರಲ್ಲಿ ಅರ್ಧವಷ್ಟೇ ಕಳೆದಿತ್ತು. ಹಸು ಸಾಯಬಹುದು ಎಂಬುದು ನನಗೆ ಆಗ ಮೊದಲ ಸಲ ಪೂರ್ತಿಯಾಗಿ ತಲೆಗೆ ಹೋಯಿತು.

ನನ್ನ ಜೇಬಿನಲ್ಲೂ ಫೋನ್ ಇತ್ತು. ಕೈ ಅಲ್ಲಿಗೆ ಹೋಗುವಷ್ಟರಲ್ಲಿ ವಿಲ್ಲಿ ಮಾತಾಡುತ್ತಿದ್ದ. "ಅಸ್ಗೇರ್, ನಾನ್ ಕಣೋ ವಿಲ್ಲಿ. ಇಲ್ಲ ಇಲ್ಲ, ನನ್ಮನೇಲಲ್ಲ. ಬೋಡಿಲ್ ಮನೇಲಿ. ಹೂಂ, ಬೋಡಿಲ್ ಮನೇಲೇ. ನಗ್ಬೇಡ, ಗಾಡಿ ತೆಗಿ."

ಅಸ್ಗೇರ್ ಬರುವವರೆಗೆ ಇಪ್ಪತ್ತೈದು ನಿಮಿಷ. ಯಾರೂ ಕಾಫಿಗೆ ವಾಪಸ್ ಹೋಗಲಿಲ್ಲ. ಐನರ್ ಹಸುವಿನ ತಲೆಯ ಹತ್ತಿರ ಕೂತು ಟೋಪಿಯನ್ನು ಅವಳ ಮೂತಿಗೆ ಹಿಡಿದ. ನೆಕ್ಕಲಿಲ್ಲ. ವಿಲ್ಲಿ ಆ ಮೊಲೆಯನ್ನು ಹಿಂಡಲು ಕೂತ. ಅಷ್ಟು ದಪ್ಪ ಕೈ, ಅಷ್ಟು ಮೆತ್ತಗೆ ಹಿಂಡುತ್ತಿತ್ತು. ಎರಡು ತಿಂಗಳ ಹಿಂದೆ ಅವನ ಕೊಟ್ಟಿಗೆಯಲ್ಲಿ ನಾನು ಸಂಖ್ಯೆ ಮಾತ್ರ ನೋಡಿದ್ದೆ, ಅವನ ಕೈ ನೋಡಿರಲಿಲ್ಲ.

ಅಸ್ಗೇರ್ ಬಂದವನು ಮೊದಲು ಹಸು ನೋಡಿದ, ಆಮೇಲೆ ನನ್ನ ಪುಸ್ತಕ ಕೇಳಿದ.

"ಮಂಗಳವಾರ ಶುರುವಾಗಿದೆ. ಸರಿ, ಕಾದಿದೀಯ, ಹಿಂಡಿದೀಯ, ಚೆನ್ನಾಗೇ ಮಾಡಿದೀಯ. ಗುರುವಾರ ಮೂವತ್ತೊಂಬತ್ತು ಪಾಯಿಂಟ್ ನಾಲ್ಕು..." ಅವನು ತಲೆ ಎತ್ತಿದ. "ನಿನ್ನೆ ಇಷ್ಟೇ ಇದ್ದಿದ್ದು, ಇವತ್ತು ಹೀಗೆ ಏಕಾಏಕಿ ಬಿದ್ದಿದ್ರೆ ಇದು ಬೇರೆ ಥರದ ಸೋಂಕು. ಔಷಧಾನೂ ಬೇರೆ ಯೋಚಿಸ್ಬೇಕು. ಇದು ಸರೀನಾ ಬೋಡಿಲ್?"

ಎಲ್ಲರೂ ನಿಂತಿದ್ದರು. ಸಿಗ್ನೆಯ ಕೈಯಲ್ಲಿ ಆ ಹಾಳೆ ಇನ್ನೂ ಇತ್ತು, ಮೇಲ್ಗಡೆ 'ಚೆನ್ನಾಗಿ ನಡೆದದ್ದು' ಎಂದು ಬರೆದಿದ್ದಳು. ಮನೆಯವರು ಬಾಯಿ ತೆರೆಯಬಾರದು ಎಂಬ ನಿಯಮ ನನಗೆ ಅಷ್ಟು ಹಿತವಾಗಿ ಯಾವತ್ತೂ ಕಂಡಿರಲಿಲ್ಲ.

"ಸರಿಯಿಲ್ಲ," ಎಂದೆ. "ಎಂಟಿತ್ತು. ಆಮೇಲೆ ಏಳು. ಕಿಟಕಿ ತೆಗೆದು ಚಳೀಲಿ ನಿಲ್ಸಿ ನಾಲ್ಕು ಮಾಡಿದೆ. ಮೇವೂ ಅರ್ಧ ಬಿಟ್ಟಿದ್ಲು. ಅದನ್ನೂ ಬರೀಲಿಲ್ಲ."

"ಯಾಕೆ?" ಎಂದಳು ಸಿಗ್ನೆ. ಪಾಪ, ಚಿಕ್ಕವಳು, ನಿಜವಾಗಿ ಗೊತ್ತಾಗದೆ ಕೇಳಿದ್ದು.

"ನೂರು ಆಗ್ಲಿ ಅಂತ."

ಅಸ್ಗೇರ್ ಪೆನ್ನು ತೆಗೆದು ನಾಲ್ಕನ್ನು ಹೊಡೆದು ಎಂಟು ಬರೆದ. ಸಿರಿಂಜಿಗೆ ಔಷಧ ತುಂಬಿದ. ರಕ್ತನಾಳಕ್ಕೆ ಒಂದು ದೊಡ್ಡ ಬಾಟಲಿ ಸಲೈನ್ ಹರಿಸಿದ, ಜ್ವರಕ್ಕೊಂದು ಕೊಟ್ಟ, ಆ್ಯಂಟಿಬಯೋಟಿಕ್ ಕೊಟ್ಟ. ಐನರ್ ಬಾಟಲಿ ಎತ್ತಿ ಹಿಡಿದಿದ್ದ. ನಾನು ಬಕೆಟ್ ಹಿಡಿದಿದ್ದೆ. ಬಕೆಟ್ಟಿನಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ.

"ಅಸ್ಗೇರ್‌ಗೆ ಹಾಸಿಗೆ ಬೇಕಾದ್ರೆ ಹೇಳು, ನನ್ನ ಮನೇದು ಖಾಲಿ ಇದೆ," ಎಂದ ವಿಲ್ಲಿ. ಎಲ್ಲರಿಗಿಂತ ಮೊದಲು ಐನರ್ ನಕ್ಕ. ಆಮೇಲೆ ನಾನೂ ನಕ್ಕೆ, ಆದರೆ ಅದು ಬೇರೆ ಏನೋ ಆಗಿ ಹೊರಬಂತು. ಗುದ್ರುನ್ ತನ್ನ ಕರ್ಚೀಫು ಕೊಟ್ಟಳು. ಅದೂ ಪುದೀನ ವಾಸನೆ.

ಟ್ಯಾಂಕ್ ಕೋಣೆಗೆ ಬಂದು ಒದ್ದೆ ಬಟ್ಟೆ ತೆಗೆದುಕೊಂಡೆ.

"ಇರು ಇರು," ಎಂದ ವಿಲ್ಲಿ, "ಒಂದು ಫೋಟೋ ತಗೋತೀನಿ. ನೂರು ಅನ್ನೋದು ನನ್ನ ಕೊಟ್ಟಿಗೇಲಿ ಯಾವ ಜನ್ಮಕ್ಕೆ ನೋಡ್ತೀನೋ."

ಫೋಟೋ ಆದ ಮೇಲೆ ನೂರನ್ನು ಅಳಿಸಿ ಸೊನ್ನೆ ಬರೆದೆ. ಗುದ್ರುನ್ ನನ್ನ ಹಿಂದೆ ನಿಂತು ನೋಡುತ್ತಿದ್ದಳು. "ಅದನ್ನೂ ಅಳಿಸು," ಎಂದಳು. "ಹಲಗೆ ನೋಡ್ತಾ ನೋಡ್ತಾ ಹಸು ಕಾಣ್ಸಲ್ಲ ನಿಂಗೆ." ಅಳಿಸಿದೆ. ಈಗ ಆ ಹಲಗೆಯ ಮೇಲೆ ಐನರ್ ತನಗೆ ತರಬೇಕಾದ ಮೊಳೆ, ಹಗ್ಗಗಳ ಪಟ್ಟಿ ಬರೆಯುತ್ತಾನೆ.

ಸಿಗ್ನೆ ಕೊನೆಗೆ ತನ್ನ ಹಾಳೆಯಲ್ಲಿ ಎರಡು ತೊಂದರೆಗಳನ್ನು ಬರೆದುಕೊಂಡಳು. ಕಿಟಕಿಯೂ ತೊಟ್ಟಿಯೂ ಅವುಗಳಲ್ಲಿ ಇರಲಿಲ್ಲ. ಚೆನ್ನಾಗಿ ನಡೆದದ್ದು ಯಾವುದು ಎಂದು ಕೇಳಿದಳು. "ಕೇಕು," ಎಂದ ವಿಲ್ಲಿ. ಅದನ್ನೇ ಬರೆದಳು.

ಡಾಗ್ಮಾರ್ ಸಾಯಲಿಲ್ಲ. ಭಾನುವಾರ ಸಂಜೆ ಎದ್ದು ನಿಂತು ಒಂದು ಹಿಡಿ ಹುಲ್ಲು ತಿಂದಳು. ಸೋಮವಾರ ಐನರ್ ಒದ್ದೆ ಟೋಪಿ ಹಾಕಿಕೊಂಡು ತಿಂಡಿಗೆ ಬಂದ, ತೆಗೆಯಲಿಲ್ಲ. ಆದರೆ ಆ ಹಿಂದಿನ ಎಡ ಮೊಲೆ ಬತ್ತಿಹೋಯಿತು. ಈಗ ಅವಳಿಗೆ ಮೂರೇ. ಕರೆಯುವಾಗ ಯಂತ್ರದ ನಾಲ್ಕನೆಯ ಬಟ್ಟಲಿಗೆ ಗಾಳಿ ಎಳೆಯದಂತೆ ಬಿರಡೆ ಹಾಕಬೇಕು. ದಿನಕ್ಕೆರಡು ಸಲ ನನ್ನ ಕೈಯಿಂದಲೇ ಹಾಕುತ್ತೇನೆ.

ವರ್ಷದ ಕೊನೆಗೆ ವಿಲ್ಲಿ ತನ್ನ ಔಷಧವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ. ಗೋಡೆಯ ಮೇಲಿನ ನನ್ನ ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸಿದನಂತೆ. ನಾನು ಮಾತ್ರ ಹಿಂದಿನ ವರ್ಷಕ್ಕಿಂತ ಎರಡು ಹಸುಗಳಿಗೆ ಹೆಚ್ಚಿಗೆ ಕೊಡಿಸಿದ್ದೆ. ಅಷ್ಟೇ ಅಲ್ಲ, ನಾಲ್ಕು ಸಲ ಸುಮ್ಮನೆ ಹೆದರಿ ಅಸ್ಗೇರ್‌ನನ್ನು ಕರೆಸಿದ್ದೆ. ನಾಲ್ಕು ಸಲವೂ ಅವನು ಹಸುವಿನ ಬೆನ್ನು ತಟ್ಟಿ, "ಇದಕ್ಕೇನೂ ಬೇಡ. ಹಿಂಡು, ಕಾಯಿ," ಎಂದು ಹೋದ.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಮತ್ತೆ ಅದೇ ಪುಸ್ತಕದ ತಪ್ಪು ಮಾಡಿದಂತೆ. ಮಂಗಳವಾರ ಕಳಿಸಿದ್ದ ಹಾಲಿನ ಮಾದರಿಯ ಫಲಿತಾಂಶ ಆ ಸೋಮವಾರ ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು: ಯಾವುದೇ ಬ್ಯಾಕ್ಟೀರಿಯಾ ಬೆಳೆದಿಲ್ಲ. ಹಾಗೆಂದರೇನು ಎಂದು ಅಸ್ಗೇರ್‌ನನ್ನು ಕೇಳಿದೆ. ಹಸುವೇ ಕ್ರಿಮಿಗಳನ್ನು ಕೊಂದಿರಬಹುದು, ಮಾದರಿ ತೆಗೆಯುವಾಗ ಹಿಡಿಯದೇ ಹೋಗಿರಬಹುದು, ಆಮೇಲೆ ಬೇರೆ ಕ್ರಿಮಿ ಸೇರಿಕೊಂಡಿರಬಹುದು ಎಂದ. ಗುರುವಾರವೇ ಕರೆದಿದ್ದರೆ ಎಂದು ಕೇಳಿದೆ. "ಗುರುವಾರ ಕರೆದಿದ್ರೆ ಗುರುವಾರ ಬರ್ತಿದ್ದೆ," ಎಂದ. ಬೇಕೆಂದೇ ಅಷ್ಟಕ್ಕೆ ನಿಲ್ಲಿಸಿದ ಅನ್ನಿಸಿತು.

ಗುರುವಾರ ಬೆಳಿಗ್ಗೆ ಫೋನ್ ಮಾಡಿದ್ದರೆ ಆ ಮೊಲೆ ಉಳಿಯುತ್ತಿತ್ತೋ, ಭಾನುವಾರ ಅವಳನ್ನು ಎಬ್ಬಿಸಿದ್ದು ಔಷಧವೋ ಅವಳೇ ಎದ್ದಳೋ, ನನಗೆ ಗೊತ್ತಿಲ್ಲ. ಕೇಳಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.